ಕಾರ್ಮಿಕರ ಪರವಾಗಿ ಮಾತನಾಡುವವರು ಯಾರು?

1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ದತ್ತಾ ಸಾಮಂತರ ನೇತೃತ್ವದಲ್ಲಿ ಕೆಲಸ ನಿಲ್ಲಿಸಿದರು. ಪರೇಲ್, ಲಾಲ್‌ಬಾಗ್‌ಗಳನ್ನು ಬಲ್ಲ ನಮ್ಮ ಹಿರಿಯರಿಗೆ ಆ ದಿನಗಳ ನೆನಪು ಇನ್ನೂ ಮಾಸಿರಲಾರದು. ಅದನ್ನು ಕೇವಲ ವೇತನ, ಬೋನಸ್ಸುಗಳ ಜಗಳವೆಂದು ತಿಳಿಯುವುದು ಸರಿಯಲ್ಲ. ಮಾಲಕರೊಡನೆ ಕಾರ್ಮಿಕರ ಪರವಾಗಿ ಮಾತನಾಡುವ ಅಧಿಕಾರ ಯಾರದೆಂಬ ಪ್ರಶ್ನೆಯೂ ಅದರ ಬುಡದಲ್ಲಿತ್ತು. 1946ರ ಮುಂಬಯಿ ಕೈಗಾರಿಕಾ ಸಂಬಂಧಗಳ ಕಾಯಿದೆಯಂತೆ ಆ ಅಧಿಕಾರ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ ಸೇರಿತ್ತು. ಮುಷ್ಕರ ಹೂಡಿದವರ ವಿಶ್ವಾಸವಾದರೋ ಸಾಮಂತರ ಮೇಲಿತ್ತು. ಕಾಯಿದೆಯ ದಾರಿ ಒಂದಾಗಿ, ಕಾರ್ಮಿಕರ ಮನಸ್ಸು ಇನ್ನೊಂದಾದಾಗ ಸಂಧಾನಕ್ಕೆ ಬಾಗಿಲೇ ಉಳಿಯಲಿಲ್ಲ. ಗಿರಣಿಗಳ ಜಾಗದಲ್ಲಿ ಇಂದು ಗಗನಚುಂಬಿ ಕಟ್ಟಡಗಳು ನಿಂತಿವೆ.

ಆ ಹಳೆಯ ಪ್ರಶ್ನೆ ಈಗ ಹೊಸ ರೂಪದಲ್ಲಿ ಎದುರಾಗಿದೆ. 29 ಕೇಂದ್ರ ಕಾಯಿದೆಗಳನ್ನು ಒಗ್ಗೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಅವುಗಳಲ್ಲೊಂದಾದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಒಂದಕ್ಕಿಂತ ಹೆಚ್ಚು ಸಂಘಗಳಿರುವಲ್ಲಿ ಹಾಜರಿಪಟ್ಟಿಯಲ್ಲಿರುವ ಕಾರ್ಮಿಕರ ಪೈಕಿ ಶೇ. 51ರಷ್ಟು ಮಂದಿಯ ಬೆಂಬಲವಿರುವ ಸಂಘವೇ ಏಕೈಕ ಮಾತುಕತೆಯ ಸಂಘ. ಅಂಥ ಬಹುಮತ ಯಾರಿಗೂ ಇಲ್ಲದಿದ್ದರೆ, ಕನಿಷ್ಠ ಶೇ. 20 ಬೆಂಬಲವುಳ್ಳ ಸಂಘಗಳ ಪ್ರತಿನಿಧಿಗಳು ಸೇರಿದ ಮಂಡಳಿ ಮಾತುಕತೆ ನಡೆಸುತ್ತದೆ. ಬಹುಮತಕ್ಕೆ ಮನ್ನಣೆ ನೀಡಿರುವುದು ಸ್ವಾಗತಾರ್ಹ. ಆದರೆ ಆ ಬಹುಮತವನ್ನು ಅಳೆಯುವ ಬಗೆಯಲ್ಲಿಯೇ ಇದರ ಜೀವಾಳವಿದೆ. ಕಾರ್ಮಿಕನು ಅಂಜಿಕೆಯಿಲ್ಲದೆ ತನ್ನ ಆಯ್ಕೆಯನ್ನು ತಿಳಿಸಲಾಗದಿದ್ದರೆ ಶೇ. 51 ಎಂಬುದು ಕಾಗದದ ಮೇಲಿನ ಅಂಕಿಯಾಗಿಯೇ ಉಳಿದೀತು.

ಮುಷ್ಕರದ ಹಕ್ಕು ಮಾತ್ರ ಬಿಗಿಗೊಂಡಿದೆ. ಹಿಂದೆ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಕಡ್ಡಾಯವಾಗಿದ್ದ 14 ದಿನಗಳ ಮುನ್ಸೂಚನೆ ಈಗ ಎಲ್ಲ ಕೈಗಾರಿಕೆಗಳಿಗೂ ಅನ್ವಯಿಸುತ್ತದೆ. ಸಂಧಾನ ನಡೆಯುತ್ತಿರುವಾಗ ಮುಷ್ಕರ ಹೂಡುವಂತಿಲ್ಲ. ಶೇ. 50ರಷ್ಟು ಮಂದಿ ಒಟ್ಟಾಗಿ ರಜೆ ಹಾಕಿದರೆ ಅದೂ ಮುಷ್ಕರವೇ. ಇತ್ತ, ಕಾರ್ಮಿಕರನ್ನು ತೆಗೆದುಹಾಕಲು ಸರಕಾರದ ಅನುಮತಿ ಪಡೆಯಬೇಕಾದ ಕಾರ್ಖಾನೆಗಳ ಮಿತಿ 100ರಿಂದ 300 ಕಾರ್ಮಿಕರಿಗೆ ಏರಿದೆ. ಇದರಿಂದ ಉದ್ಯಮಗಳು ಬೆಳೆಯಲು ಅಂಜುವುದಿಲ್ಲವೆಂಬುದು ಸಮರ್ಥಕರ ವಾದ. ಉದ್ಯೋಗದ ಭದ್ರತೆಯೇ ಸಡಿಲವಾಯಿತೆಂಬುದು ಕಾರ್ಮಿಕ ಸಂಘಗಳ ಅಳಲು. ಎರಡರಲ್ಲೂ ಹುರುಳಿದೆ. ಆದರೆ ಒಂದು ಕೈಯಿಂದ ಮುಷ್ಕರವನ್ನು ಕಠಿನಗೊಳಿಸಿ, ಇನ್ನೊಂದು ಕೈಯಿಂದ ಕೆಲಸದಿಂದ ತೆಗೆಯುವುದನ್ನು ಸುಲಭಗೊಳಿಸಿದಾಗ ತಕ್ಕಡಿ ಯಾವ ಕಡೆಗೆ ವಾಲುತ್ತದೆಂದು ಹೇಳಬೇಕಾಗಿಲ್ಲ.

ನಿಯತ ಅವಧಿಯ ನೌಕರರಿಗೆ ಒಂದೇ ವರ್ಷದ ಸೇವೆಗೂ ಗ್ರಾಚ್ಯುಯಿಟಿ ದೊರೆಯುವುದು ಮತ್ತು ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಸಂದಾಯವಾಗಬೇಕೆಂಬ ನಿಯಮ ನಿಜಕ್ಕೂ ಉಪಕಾರಿ. ನಮ್ಮ ಮನೆಗಳಲ್ಲಿ ಹೋಟೆಲು ನಡೆಸುವವರೂ ಇದ್ದಾರೆ, ಕರಾರಿನ ಮೇಲೆ ದುಡಿಯುವ ಮಕ್ಕಳೂ ಇದ್ದಾರೆ. ಇಬ್ಬರೂ ಈ ಕಾಯಿದೆಗಳನ್ನು ಓದಿಕೊಳ್ಳುವುದು ಒಳಿತು. ಮಾತುಕತೆಯ ಬಾಗಿಲು ತೆರೆದಿದ್ದರೆ ಬೀದಿಗಿಳಿಯುವ ಪ್ರಸಂಗ ಬಾರದು. ಈ ನಗರ ಆ ಪಾಠಕ್ಕೆ ಒಮ್ಮೆ ಬಹಳ ದೊಡ್ಡ ಬೆಲೆ ತೆತ್ತಿದೆ.