ಅಪರೂಪದ ಕಾಯಿಲೆ ಯಾರಿಗೆ ಅಪರೂಪ?

ಮುಂಬಯಿ ಮತ್ತು ಉಪನಗರಗಳ ನಮ್ಮ ಸಂಘ-ಸಂಸ್ಥೆಗಳು ವರ್ಷವಿಡೀ ಆರೋಗ್ಯ ತಪಾಸಣಾ ಶಿಬಿರಗಳನ್ನು ಏರ್ಪಡಿಸುತ್ತಿರುವುದು ಶ್ಲಾಘನೀಯ. ರಕ್ತದೊತ್ತಡ, ಸಕ್ಕರೆ, ಕಣ್ಣು, ಹಲ್ಲು ಎಲ್ಲವನ್ನೂ ನೋಡುತ್ತಾರೆ. ಆದರೆ 'ನಿಮ್ಮ ತಂದೆಗೆ, ಅಜ್ಜಿಗೆ, ಸೋದರಮಾವನಿಗೆ ಯಾವ ಕಾಯಿಲೆ ಇತ್ತು?' ಎಂದು ಕೇಳುವವರು ಕಡಿಮೆ. ಕೇಳಿದರೂ ಸರಿಯಾದ ಉತ್ತರ ಸಿಗುವುದಿಲ್ಲ. ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದರಂತೂ ಬಾಯಿ ಬಿಡುವ ಮಾತೇ ಇಲ್ಲ. ಈ ಮೌನದಿಂದ ನಷ್ಟ ಯಾರಿಗೆ ಎಂಬುದನ್ನು ಯೋಚಿಸಲು ಉತ್ತರ ಭಾರತದ ಒಂದು ಉದಾಹರಣೆಯನ್ನು ಸಮಾಜ ಬಾಂಧವರ ಮುಂದಿಡುತ್ತಿದ್ದೇನೆ.

1999ರಲ್ಲಿ ಅಮೆರಿಕದಲ್ಲಿ, ಜರ್ಮನ್ ಮೂಲದ ಒಂದು ಕುಟುಂಬದಲ್ಲಿ, ಹೊಸದೊಂದು ನರರೋಗವನ್ನು ವಿಜ್ಞಾನಿಗಳು ಗುರುತಿಸಿದರು. ಹೆಸರು ಸ್ಪೈನೋಸೆರೆಬೆಲ್ಲಾರ್ ಅಟಾಕ್ಸಿಯಾ-12, ಚುಟುಕಾಗಿ ಎಸ್‌ಸಿಎ-12. ದೇಹದ ಚಲನೆಯ ಹದ ಕಾಯುವ ಕಿರುಮೆದುಳು ನಿಧಾನವಾಗಿ ಸವೆಯುವ ಕಾಯಿಲೆ ಇದು. ಐದನೇ ವರ್ಣತಂತುವಿನ ಒಂದು ಜೀನ್‌ನಲ್ಲಿ ಮೂರಕ್ಷರದ ಒಂದು ತುಣುಕು ಮಿತಿಮೀರಿ ಮರುಕಳಿಸುವುದೇ ಇದಕ್ಕೆ ಕಾರಣ. ಪ್ರಪಂಚದ ಬೇರೆ ಕಡೆ ಇಂತಹ ಕುಟುಂಬಗಳು ಬೆರಳೆಣಿಕೆಯಷ್ಟೇ ಸಿಕ್ಕವು. ಆದರೆ 2001ರಲ್ಲಿ ದಿಲ್ಲಿಯ ವೈದ್ಯರು ಮತ್ತು ವಿಜ್ಞಾನಿಗಳು ಹುಡುಕಿದಾಗ, ನಮ್ಮ ದೇಶದಲ್ಲೇ ಅದು ಒಂದರ ಹಿಂದೆ ಒಂದು ಕುಟುಂಬದಲ್ಲಿ ಕಾಣಿಸಿಕೊಂಡಿತು. ಆ ಕುಟುಂಬಗಳಲ್ಲಿ ಹೆಚ್ಚಿನವು ಅಗರ್‌ವಾಲ್ ಸಮಾಜಕ್ಕೆ ಸೇರಿದ್ದವು. ಅವರೆಲ್ಲರ ಜೀನ್‌ನ ಸುತ್ತಮುತ್ತಲಿನ ಗುರುತುಗಳೂ ಒಂದೇ ಬಗೆಯವೆಂದು 2005ರ ಅಧ್ಯಯನ ತೋರಿಸಿತು. ಎಂದೋ ಬಾಳಿದ ಒಬ್ಬ ಪೂರ್ವಜರಿಂದ ಈ ದೋಷ ಹರಿದು ಬಂದಿದೆ ಎಂಬುದು ಅದರ ಅರ್ಥ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಅಗರ್‌ವಾಲ್ ಸಮಾಜದ ಬಹುಪಾಲು ಜನರಿಗೆ ಈ ಕಾಯಿಲೆ ಇಲ್ಲ. ಅವರನ್ನು ಬೊಟ್ಟು ಮಾಡಿ ತೋರಿಸುವುದು ಈ ಬರಹದ ಉದ್ದೇಶವೂ ಅಲ್ಲ. ಸಮಾಜದೊಳಗೇ ಮದುವೆ ಮಾಡಿಕೊಂಡು ಬಂದ ಯಾವ ಸಮುದಾಯದಲ್ಲೂ ಇಂತಹದ್ದು ಆಗಬಹುದು. ಅವರಲ್ಲಿ ಗೋತ್ರ ಬಿಟ್ಟು ಸಂಬಂಧ ಬೆಳೆಸುತ್ತಾರೆ, ನಮ್ಮ ತುಳುವರಲ್ಲಿ ಬರಿ ಬಿಟ್ಟು. ಆದರೆ ತಂದೆ-ತಾಯಿಯರಲ್ಲಿ ಒಬ್ಬರಿಗೆ ದೋಷವಿದ್ದರೂ ಸಾಕು, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ ಎಂಬಂತಹ ಈ ಬಗೆಯ ಕಾಯಿಲೆಗೆ ಗೋತ್ರ, ಬರಿಗಳ ಕಟ್ಟು ತಡೆಯಾಗುವುದಿಲ್ಲ. ಅಳಿಯಸಂತಾನದವರಲ್ಲಿ ಇನ್ನೊಂದು ತೊಡಕಿದೆ. ಬರಿ ಬರುವುದು ತಾಯಿಯಿಂದ, ಕುಟುಂಬದ ಲೆಕ್ಕವೂ ತಾಯಿಯ ಕಡೆಯದೇ. ರೋಗದ ಜೀನ್ ಮಾತ್ರ ತಂದೆಯ ಕಡೆಯಿಂದಲೂ ಬರುತ್ತದೆ. ತಾಯಿಯ ಕವಲನ್ನಷ್ಟೇ ಬಲ್ಲವರಿಗೆ ತಮ್ಮ ಆರೋಗ್ಯದ ಅರ್ಧ ಕಥೆ ಮಾತ್ರ ಗೊತ್ತು.

ಎಸ್‌ಸಿಎ-12 ಶುರುವಾಗುವುದು ಸಾಮಾನ್ಯವಾಗಿ ನಡುವಯಸ್ಸಿನಲ್ಲಿ, ಕೈನಡುಕದಿಂದ. ಚಹಾದ ಲೋಟ ತುಳುಕುತ್ತದೆ, ಬ್ಯಾಂಕಿನ ಸಹಿ ಹೊಂದುವುದಿಲ್ಲ. ವರ್ಷಗಳು ಕಳೆದಂತೆ ತಲೆ ಅದುರುತ್ತದೆ, ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ. ಕೆಲವರಲ್ಲಿ ನೆನಪೂ ಕುಗ್ಗುತ್ತದೆ. ಮನೆಯವರು ವಯಸ್ಸಿನ ನಡುಕ ಎನ್ನುತ್ತಾರೆ, ಕುಡಿತ ಎಂದು ಪಿಸುಗುಟ್ಟುವ ನೆರೆಹೊರೆಯವರಿಗೇನೂ ಕೊರತೆ ಇಲ್ಲ. ಪಾರ್ಕಿನ್ಸನ್ ಎಂದುಕೊಂಡು ಅದರ ಮಾತ್ರೆ ನುಂಗುವವರೂ ಇದ್ದಾರೆ. ಗೊತ್ತಿರುವ ವೈದ್ಯರು ಕುಟುಂಬದ ವಿವರ ಕೇಳಿ ರಕ್ತದ ಜೀನ್ ಪರೀಕ್ಷೆ ಮಾಡಿಸಿದರೆ ನಿಜ ತಿಳಿಯುತ್ತದೆ. ಆ ವಿವರ ಮನೆಯವರ ಬಾಯಿಂದಲೇ ಬರಬೇಕು.

'ಅಪರೂಪ' ಎಂಬುದು ಒಂದು ಸರಾಸರಿಯ ಮಾತು. ಯುರೋಪಿನಲ್ಲಿ 10 ಸಾವಿರಕ್ಕೆ 5ಕ್ಕಿಂತ ಹೆಚ್ಚು ಜನರಿಗೆ ಬಾರದ ಕಾಯಿಲೆಯನ್ನು ಅಪರೂಪದ್ದೆನ್ನುತ್ತಾರೆ. ನಮ್ಮ ಕೇಂದ್ರ ಸರಕಾರ 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯನ್ನೇನೋ ತಂದಿತು. ಆದರೆ ಇಂತಿಷ್ಟು ಜನಕ್ಕೆ ಇಷ್ಟು ಎಂಬ ವ್ಯಾಖ್ಯೆಯನ್ನು ಅದರಲ್ಲಿ ಕೊಡಲಾಗಲಿಲ್ಲ. ದೇಶದಲ್ಲಿ ಅದಕ್ಕೆ ಬೇಕಾದ ಅಂಕಿಅಂಶಗಳೇ ಇಲ್ಲವೆಂದು ನೀತಿಯೇ ಒಪ್ಪಿಕೊಂಡಿದೆ. ನೂರು ಕೋಟಿ ಮೀರಿದ ಜನರ ಮೇಲೆ ಹರಡಿದರೆ ಯಾವ ಕಾಯಿಲೆಯಾದರೂ ತೆಳುವಾಗಿ ಕಂಡೀತು. ಒಂದು ಸಮಾಜದೊಳಗೆ, ಒಂದು ಊರಿನೊಳಗೆ ಎಣಿಸಿದಾಗಲೇ ಅದು ಎಲ್ಲಿ ದಟ್ಟವಾಗಿದೆ ಎಂದು ತಿಳಿಯುವುದು.

ನಮ್ಮ ಮಲೆನಾಡಿನ ಹಂದಿಗೋಡು ಕಾಯಿಲೆಯನ್ನು ನೆನೆಯಿರಿ. ಅದು ನರದ್ದಲ್ಲ, ಮೂಳೆ-ಕೀಲುಗಳದ್ದು. ಸಾಗರ ತಾಲೂಕಿನಲ್ಲಿ 1970ರ ದಶಕದಲ್ಲಿ ಗಮನಕ್ಕೆ ಬಂದಾಗ ಗದ್ದೆಯ ಏಡಿ, ಕೀಟನಾಶಕಗಳ ಮೇಲೂ ಅನುಮಾನ ಹೋಗಿತ್ತು. ಅದು ವಂಶಪಾರಂಪರ್ಯದ್ದೆಂದು ಗೊತ್ತಾಗಲು ಮನೆ ಮನೆಯ ವಂಶಾವಳಿ ಬರೆಯಬೇಕಾಯಿತು.

ಹಾಗೆ ಮನೆ ಬಾಗಿಲಿಗೆ ಹೋಗಿ ಎಣಿಸಿದ ಒಳ್ಳೆಯ ಉದಾಹರಣೆ ನಮ್ಮ ಮುಂಬಯಿಯಲ್ಲೇ ಇದೆ. ಪಾರ್ಸಿ ಕಾಲನಿಗಳಲ್ಲಿ ಮನೆ ಮನೆ ಸಮೀಕ್ಷೆ ನಡೆಸಿದ ವೈದ್ಯರು 1988ರಲ್ಲಿ ಪ್ರಕಟಿಸಿದ ವರದಿಯಂತೆ 14,010 ಜನರಲ್ಲಿ 46 ಮಂದಿಗೆ ಪಾರ್ಕಿನ್ಸನ್ ಕಾಯಿಲೆ ಇತ್ತು, ಅಂದರೆ ಲಕ್ಷಕ್ಕೆ 328. ನಿಮ್ಹಾನ್ಸ್ ವೈದ್ಯರು ಬೆಂಗಳೂರು ನಗರ ಮತ್ತು ಹಳ್ಳಿಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ನೋಡಿ 2004ರಲ್ಲಿ ಪ್ರಕಟಿಸಿದ ಲೆಕ್ಕ ಲಕ್ಷಕ್ಕೆ 33. ಹತ್ತು ಪಟ್ಟು ಎಂದು ಗಾಬರಿಯಾಗುವ ಮುನ್ನ ಗಮನಿಸಬೇಕಾದ ಸಂಗತಿಯೊಂದಿದೆ. ಪಾರ್ಸಿಗಳಲ್ಲಿ ವೃದ್ಧರು ಹೆಚ್ಚು, ಇದು ವೃದ್ಧಾಪ್ಯದ ಕಾಯಿಲೆ. ವಯಸ್ಸು ಹೊಂದಿಸಿ ನೋಡಿದರೆ ಅಂತರ ಬಹಳಷ್ಟು ಕುಗ್ಗುತ್ತದೆ. ಹಾಗಾಗಿ ಎಣಿಸುವುದೆಷ್ಟು ಮುಖ್ಯವೋ ಎಣಿಕೆಯನ್ನು ತಿಳಿದವರ ಕೈಗೆ ಕೊಡುವುದೂ ಅಷ್ಟೇ ಮುಖ್ಯ. ಏನೇ ಇರಲಿ, ಆ ಪುಟ್ಟ ಸಮಾಜ ಅಳುಕದೆ ಬಾಗಿಲು ತೆರೆಯಿತಲ್ಲ, ಅದು ದೊಡ್ಡ ಮಾತು.

'ಗುಣವಾಗದ ಕಾಯಿಲೆಯನ್ನು ಎಣಿಸಿ ಏನು ಪ್ರಯೋಜನ, ಹೆಸರು ಕೆಡುವುದಷ್ಟೇ' ಎನ್ನುವವರಿದ್ದಾರೆ. ಎಸ್‌ಸಿಎ-12ಕ್ಕೆ ಗುಣಪಡಿಸುವ ಔಷಧ ಇಲ್ಲವೆಂಬುದು ನಿಜ. ಆದರೆ ನಡುಕ ತಗ್ಗಿಸುವ ಔಷಧಗಳಿವೆ. ತಪ್ಪು ಚಿಕಿತ್ಸೆಗೆ ಸುರಿಯುವ ಹಣ ಉಳಿಯುತ್ತದೆ. ಬಿದ್ದು ಸೊಂಟ ಮುರಿದುಕೊಳ್ಳುವ ಮುನ್ನ ಮನೆಯಲ್ಲಿ ಹಿಡಿಕೆ ಹಾಕಿಸಬಹುದು. ವೆನೆಜುವೆಲಾದ ಮರಕೈಬೊ ಸರೋವರದ ಬಡ ಬೆಸ್ತರ ಊರುಗಳಲ್ಲಿ ಹಂಟಿಂಗ್ಟನ್ ಎಂಬ ಇಂತಹದೇ ರೋಗ ದಟ್ಟವಾಗಿದೆ. ಅಲ್ಲಿನವರು ಕೊಟ್ಟ ರಕ್ತದಿಂದಲೇ 1983ರಲ್ಲಿ ಆ ಜೀನ್‌ನ ನೆಲೆ, 1993ರಲ್ಲಿ ಜೀನ್ ಪತ್ತೆಯಾಯಿತು. ಅದರಿಂದ ಪರೀಕ್ಷೆಯ ಅನುಕೂಲ ಜಗತ್ತಿಗೆಲ್ಲ ಸಿಕ್ಕಿತು, ಆ ಬೆಸ್ತರ ಬಡತನ ಹಾಗೆಯೇ ಉಳಿಯಿತು. ಮಾಹಿತಿ ಕೊಡುವವರಿಗೆ ತಿರುಗಿ ಏನು ದಕ್ಕುತ್ತದೆ ಎಂದು ಕೇಳುವ ಹಕ್ಕು ಯಾವ ಸಮಾಜಕ್ಕಾದರೂ ಇದೆ.

ಹೆಸರು ಕೆಡುವ ಭಯವನ್ನು ಮಾತ್ರ ನಾನು ಹಗುರವಾಗಿ ತಳ್ಳಿಹಾಕಲಾರೆ. ವಧು-ವರಾನ್ವೇಷಣೆ ನಡೆಸುವುದು ನಮ್ಮ ಸಂಘಗಳೇ, ಆರೋಗ್ಯ ಶಿಬಿರ ನಡೆಸುವುದೂ ಅವೇ. ಒಂದರ ಕಾಗದ ಇನ್ನೊಂದರ ಕಪಾಟಿಗೆ ಹೋದರೆ ಒಂದು ಮನೆಯ ಮಕ್ಕಳ ಬಾಳೇ ಹಾಳಾದೀತು. ಆದ್ದರಿಂದ ಸಂಘಗಳು ಮಾಹಿತಿ ಸಂಗ್ರಹಿಸಲು ಹೊರಡುವುದು ಬೇಡ. ಮೂರು ತಲೆಮಾರಿನ ವಂಶವೃಕ್ಷದ ಖಾಲಿ ಹಾಳೆಯೊಂದನ್ನು ಕನ್ನಡದಲ್ಲಿ ಮುದ್ರಿಸಿ, ಸ್ಮರಣ ಸಂಚಿಕೆಯ ಜೊತೆಗೋ ವಾರ್ಷಿಕ ಮಹಾಸಭೆಯಲ್ಲೋ ಮನೆ ಮನೆಗೆ ಹಂಚಲಿ. ಯಾರಿಗೆ ಯಾವ ವಯಸ್ಸಿನಲ್ಲಿ ಏನು ಶುರುವಾಯಿತು, ಹೇಗೆ ತೀರಿಕೊಂಡರು ಎಂದು ತಂದೆ-ತಾಯಿ ಎರಡೂ ಕಡೆಯಿಂದ ಬರೆದಿಡಲಿ. ಊರಿನ ತರವಾಡು ಮನೆಯ ಕಾರ್ಯಕ್ಕೆ ಹೋದಾಗ ಹಿರಿಯರನ್ನು ಕೇಳಿ ತುಂಬಿಸಬಹುದು, ಆ ತಲೆಮಾರು ಇನ್ನೆಷ್ಟು ವರ್ಷ ನಮ್ಮೊಂದಿಗಿದ್ದೀತು? ಹಾಳೆ ಮನೆಯಲ್ಲೇ ಇರಲಿ, ಅಗತ್ಯ ಬಿದ್ದಾಗ ವೈದ್ಯರಿಗೆ ತೋರಿಸಿದರೆ ಸಾಕು. ಒಂದೇ ಮನೆತನದಲ್ಲಿ ಇಬ್ಬರು ಮೂವರಿಗೆ ಒಂದೇ ಬಗೆಯ ನಡುಕ, ತೂರಾಟ ಕಂಡರೆ ನರರೋಗ ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ಹೋಗಲಿ. ಜೀನ್ ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಆಪ್ತಸಲಹೆ ಪಡೆದ ಮೇಲೆ ವಯಸ್ಕರು ತಾವೇ ನಿರ್ಧರಿಸಲಿ. ಏನೂ ಲಕ್ಷಣವಿಲ್ಲದ ಚಿಕ್ಕ ಮಕ್ಕಳಿಗೆ ಈ ಪರೀಕ್ಷೆ ಮಾಡಿಸುವುದು ಸಲ್ಲದು, ಮದುವೆಯ ಮಾತುಕತೆಯಲ್ಲಿ ಅದನ್ನು ಷರತ್ತಾಗಿ ಇಡುವುದಂತೂ ಸಲ್ಲವೇ ಸಲ್ಲದು.