'ಯಾಕೆ?' ಎಂದರೆ ಒಡೆಯುವುದು ಯಂತ್ರ, ವಿಶ್ವಾಸವಲ್ಲ



ನಮ್ಮಲ್ಲಿ ಅನೇಕರ ಅಪ್ಪ-ಅಮ್ಮಂದಿರಿಗಿಂತ ಹಳೆಯದಾದ ಒಂದು ಟಿವಿ ಧಾರಾವಾಹಿಯನ್ನು ನಾವು ಈಚೆಗೆ ಮತ್ತೆ ನೋಡಿದೆವು. ಹೆಸರು 'ದಿ ಪ್ರಿಸನರ್'. 1967ರಲ್ಲಿ ಬ್ರಿಟನ್ನಿನಲ್ಲಿ ಪ್ರಸಾರ ಆರಂಭವಾಯಿತು. ಒಟ್ಟು 17 ಕಂತುಗಳು. ಕೆಲಸಕ್ಕೆ ರಾಜೀನಾಮೆ ಕೊಟ್ಟ ಗೂಢಚಾರನೊಬ್ಬನನ್ನು ಪ್ರಜ್ಞೆ ತಪ್ಪಿಸಿ ಒಂದು ಊರಿಗೆ ಒಯ್ಯುತ್ತಾರೆ. ನೋಡಲು ಬಲು ಚೆಂದದ ಊರು, ಆದರೆ ಹೊರಗೆ ಹೋಗಲು ದಾರಿಯಿಲ್ಲ. ಅಲ್ಲಿ ಯಾರಿಗೂ ಹೆಸರಿಲ್ಲ, ನಂಬರು ಮಾತ್ರ. ನಮ್ಮ ನಾಯಕ ನಂಬರ್ ಆರು; ಊರನ್ನು ನಡೆಸುವವನು ನಂಬರ್ ಎರಡು. ನಾಯಕನ ಪಾತ್ರ ಮಾಡಿದ ಪ್ಯಾಟ್ರಿಕ್ ಮೆಕ್‌ಗೂಹನ್ ಕಥೋಲಿಕ ವಿಶ್ವಾಸಿ. ಗೂಢಚಾರರ ಕಥೆಗಳಲ್ಲಿ ಮಾಮೂಲಾದ ಚುಂಬನದ ದೃಶ್ಯಗಳನ್ನು ಅವರು ಒಪ್ಪುತ್ತಿರಲಿಲ್ಲ.

ನಾವು ನೋಡಿದ ಕಂತು 'ದಿ ಜನರಲ್'. ಊರಿನಲ್ಲಿ 'ಸ್ಪೀಡ್‌ಲರ್ನ್' ಎಂಬ ಹೊಸ ಕಲಿಕೆ ಬಂದಿದೆ. ಮೂರು ವರ್ಷದ ಪಾಠ ಮೂರೇ ನಿಮಿಷದಲ್ಲಿ. ಟಿವಿ ಮುಂದೆ ಕುಳಿತರೆ ಸಾಕು. ಎಲ್ಲರೂ ಸೇರಬಹುದು, ಎಲ್ಲರೂ ಪಾಸು. ಮರುಗಳಿಗೆಯಲ್ಲಿ ಯಾರನ್ನು ಕೇಳಿದರೂ ಯುರೋಪಿನ ಇತಿಹಾಸ ಬಾಯಲ್ಲೇ ಇದೆ, ಅದೂ ಒಂದಕ್ಷರ ವ್ಯತ್ಯಾಸವಿಲ್ಲದೆ, ಎಲ್ಲರದೂ ಅದೇ ಮಾತು. ನಂಬರ್ ಆರು ಕೂಡ ತನಗೆ ಗೊತ್ತಿಲ್ಲದೆಯೇ ಉತ್ತರ ಒಪ್ಪಿಸಿಬಿಡುತ್ತಾನೆ! ಇದರ ಹಿಂದಿರುವ 'ಜನರಲ್' ಮನುಷ್ಯನಲ್ಲ, ಯಾವ ಪ್ರಶ್ನೆಗಾದರೂ ಉತ್ತರ ಕೊಡುವ ಕಂಪ್ಯೂಟರ್. ಕೊನೆಗೆ ನಂಬರ್ ಆರು ಅದಕ್ಕೆ ಒಂದೇ ಪ್ರಶ್ನೆ ಹಾಕುತ್ತಾನೆ: 'ಯಾಕೆ?' ಯಂತ್ರ ಹೊಗೆಯುಗುಳಿ ಸಿಡಿಯುತ್ತದೆ.

ಮೊದಲ ಸಲ ನೋಡಿದಾಗ ಬೀರುವಿನಂಥ ಆ ಕಂಪ್ಯೂಟರ್ ಕಂಡು ನಕ್ಕಿದ್ದೆವು. ಈ ಸಲ ನಗು ಬರಲಿಲ್ಲ. ನಮ್ಮ ಜೊತೆ ದೃಢೀಕರಣದ ತರಗತಿಗೆ ಬರುತ್ತಿದ್ದ ಗೆಳೆಯನೊಬ್ಬ ನೆನಪಾದ. ಆ ವರ್ಷ ಅವನ ತಂಗಿ ತೀರಿಕೊಂಡಿದ್ದಳು. 'ದೇವರು ಒಳ್ಳೆಯವರಾದರೆ ಹೀಗೆ ಯಾಕೆ?' ಎಂದು ಅವನು ಕೇಳಿದ. 'ಹಾಗೆಲ್ಲ ಕೇಳಬಾರದು, ಮೊದಲು ಉತ್ತರಗಳನ್ನು ಬಾಯಿಪಾಠ ಮಾಡು' ಎಂಬ ಮಾತು ಬಂತು. ಅವನು ಬಾಯಿಪಾಠ ಮಾಡಿದ, ಸಂಸ್ಕಾರ ಪಡೆದ. ಆಮೇಲೆ ಬಲಿಪೂಜೆಗೆ ಬರುವುದನ್ನು ನಿಲ್ಲಿಸಿದ. ನಾವೂ ಅವನ ಮನೆಗೆ ಹೋಗಿ ಕೇಳಲಿಲ್ಲ.

ಬಾಯಿಪಾಠ ಬೇಡವೆಂದು ನಾವು ಹೇಳುತ್ತಿಲ್ಲ. ಅಜ್ಜಿಯ ಪಕ್ಕದಲ್ಲಿ ಮೊಣಕಾಲೂರಿ ಕಲಿತ ಜಪಸರವೇ ಕಷ್ಟಕಾಲದಲ್ಲಿ ಮೊದಲು ಬಾಯಿಗೆ ಬರುವುದು. ಆದರೆ ಬೈಬಲ್ ಕ್ವಿಜ್‌ನಲ್ಲಿ ಬಹುಮಾನ ಗೆಲ್ಲುವ ನಮಗೆ, ಮೊಬೈಲಿನಲ್ಲಿ ಕ್ಷಣದಲ್ಲಿ ಉತ್ತರ ಹುಡುಕುವ ನಮಗೆ, ಆ ಉತ್ತರ ನಮ್ಮದಾಗಿದೆಯೇ?

ಒಂದು ಮಾತಿಗೆ ಮಾತ್ರ ಈ ಕಂತಿನ ಜೊತೆ ನಮ್ಮ ತಕರಾರಿದೆ. ನಂಬರ್ ಆರು 'ಯಾಕೆ' ಎಂದು ಕೇಳಿದ್ದು ತಿಳಿಯಲಿಕ್ಕಲ್ಲ, ಒಡೆಯಲಿಕ್ಕೆ. ಯಂತ್ರದ ಜೊತೆ ಅದನ್ನು ಕಟ್ಟಿದ ಪ್ರೊಫೆಸರರೂ ಅವರನ್ನು ಉಳಿಸಲು ಓಡಿದ ಯುವಕನೂ ಸಾಯುತ್ತಾರೆ. ಎದುರಿನವರನ್ನು ಸೋಲಿಸಲು ಕೇಳುವ ಪ್ರಶ್ನೆ ನಮ್ಮಲ್ಲೂ ಉಂಟು. ಲೂಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಜಕರಿಯನೂ ಮರಿಯಮ್ಮನವರೂ ದೇವದೂತನನ್ನು ಪ್ರಶ್ನಿಸುತ್ತಾರೆ. ಜಕರಿಯ ನಂಬದೆ ಕೇಳಿದ, ಮೂಕನಾದ. ಮರಿಯಮ್ಮ ನಂಬಿ ಕೇಳಿದರು, ಉತ್ತರ ಪಡೆದರು. ಹನ್ನೆರಡರ ಬಾಲಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಮಾಡುತ್ತಿದ್ದುದೂ ಇದನ್ನೇ: ಅವರ ಮಾತು ಕೇಳಿಸಿಕೊಳ್ಳುವುದು, ಅವರನ್ನು ಪ್ರಶ್ನಿಸುವುದು.

ಕೊನೆಗೆ ಶಿಲುಬೆಯ ಮೇಲೆ ನಮ್ಮ ಪ್ರಭುವಿನ ಬಾಯಿಂದ ಹೊರಟದ್ದೂ 'ಏಕೆ' ಎಂಬ ಕೂಗೇ. ಆ ಕೂಗಿಗೆ ಆಕಾಶದಿಂದ ವಿವರಣೆ ಬರಲಿಲ್ಲ. ಮೂರನೆಯ ದಿನ ಕಲ್ಲು ಉರುಳಿತು. 'ಯಾಕೆ' ಎಂಬ ಮಾತು ಯಂತ್ರವನ್ನು ಸುಡಬಹುದು. ನಮ್ಮ ವಿಶ್ವಾಸದ ನಡುಮಧ್ಯೆ ಅದು ಪ್ರಾರ್ಥನೆಯಾಗಿ ನಿಂತಿದೆ.

ಆದ್ದರಿಂದ ಧರ್ಮೋಪದೇಶ ಕಲಿಸುವ ಅಕ್ಕ-ಅಣ್ಣಂದಿರಲ್ಲಿ, ತಂದೆತಾಯಿಯರಲ್ಲಿ ನಮ್ಮದೊಂದು ವಿನಂತಿ. ವಾರಕ್ಕೆ ಹತ್ತು ನಿಮಿಷ ಮಕ್ಕಳ ಪ್ರಶ್ನೆಗೆ ಮೀಸಲಿಡಿ. ಉತ್ತರ ತಿಳಿಯದಿದ್ದರೆ 'ತಿಳಿಯದು, ಸೇರಿ ಹುಡುಕೋಣ' ಎನ್ನಿ. ಅದರಿಂದ ಯಾರ ವಿಶ್ವಾಸವೂ ಸಣ್ಣದಾಗದು. ಇನ್ನು ನಾವು? ಈ ಭಾನುವಾರ ಪೂಜೆ ಮುಗಿದ ಮೇಲೆ ಆ ಗೆಳೆಯನ ಮನೆಗೆ ಹೋಗುತ್ತೇವೆ. ಉತ್ತರ ಕೊಡಲಿಕ್ಕಲ್ಲ, ಅವನ ಪ್ರಶ್ನೆಯನ್ನು ಈಗಲಾದರೂ ಕೇಳಿಸಿಕೊಳ್ಳಲಿಕ್ಕೆ.