ದ್ವೀಪಕ್ಕ ಹೋಗೂಣು, ಒಲಿ ಹೊತಗೊಂಡು ಅಲ್ಲ

ಅಕ್ಕಾರ, ತಂಗೇರ, ವೈನಿಗೋಳ, ಈ ಸಲ ನಾ ಜಗಳಾ ತಗ್ಯಾಕ ಬಂದೀನಿ. 'ಟ್ರಿಪ್ಪಿಗೆ ಹೋಗೂಣು' ಅಂತ ಮನ್ಯಾಗ ಮಾತು ಬಂದಕೂಡ್ಲೆ ನಮ್ಮ ಹಾನಗಲ್ಲ, ಹಿರೇಕೆರೂರ ಕಡಿ ಏನಾಗತೈತಿ? ಗಂಡಸರು ಕ್ರೂಸರ್ ಗಾಡಿ ಹೇಳತಾರ, ನಾವು ರೊಟ್ಟಿ ಬಡಿಯಾಕ ಕುಂದರತೀವಿ. ಎಲ್ಲಿಗೆ, ಎಷ್ಟು ದಿನ, ಎಲ್ಲಿ ವಸ್ತಿ ಅನ್ನೂದು ಅವರ ಮಾತು. ಬುತ್ತಿ, ಗ್ಯಾಸ್ ಒಲಿ, ಗುಳಿಗಿ, ಮಕ್ಕಳ ಬಟ್ಟಿ ನಮ್ಮ ಕೆಲಸ. ಇದಕ್ಕ ಪ್ರವಾಸ ಅನಬ್ಯಾಡ್ರಿ. ಇದು ಅಡಿಗಿಮನಿಗೆ ಗಾಲಿ ಕಟ್ಟಿದಂಗ.

ಎರಡು ದಿನದಾಗ ಎಂಟು ಗುಡಿ. ಗಾಡಿ ನಿಂತಲ್ಲೆಲ್ಲಾ ಒಲಿ ಇಳಸಬೇಕು, ಪಾತ್ರಿ ತೊಳಿಬೇಕು. ನಮ್ಮ ದೊಡ್ಡವ್ವ ಮೂರು ಸಲ ಮುರ್ಡೇಶ್ವರಕ್ಕ ಹೋಗಿದ್ಲು. ಅಲ್ಲೆ ಗುಡಿ ಮೂರು ಕಡಿ ಸಮುದ್ರನ ಐತಿ. 'ನೀರಾಗ ಕಾಲು ಇಟ್ಟಿದ್ದೇನಬೇ?' ಅಂತ ಕೇಳಿದ್ರ, 'ಎಲ್ಲಿದು, ಅನ್ನಕ್ಕ ಇಟ್ಟಿದ್ದೆ' ಅಂದ್ಲು. ಆಕಿ ಹಂಗ ಹೋಗಿಬಿಟ್ಲು. ನನಗ ಸಿಟ್ಟು ಬರೂದು ಇದಕ್ಕ.

ಈಗಿನ ಹುಡುಗೂರು ಗ್ರೀಸ್ ದೇಶದ ಸಾಂಟೊರಿನಿ ದ್ವೀಪದ ಫೋಟೋ ಮೊಬೈಲ್‌ನಾಗ ತೋರಸತಾರ. ಬಿಳಿ ಮನಿ, ನೀಲಿ ಗುಮ್ಮಟ, ಸುತ್ತ ನೀರು. ಚಂದನ ಐತಿ. ಆದ್ರ ಅದಕ್ಕ ಪಾಸ್‌ಪೋರ್ಟ್, ವೀಸಾ, ವಿಮಾನದ ರೊಕ್ಕ ಬೇಕು. ನಮಗ ಉಡುಪಿ ಹತ್ರ ಮಲ್ಪೆ ಮುಂದ ಸೇಂಟ್ ಮೇರೀಸ್ ದ್ವೀಪ ಐತಿ. ಸಾಂಟೊರಿನಿ ಹೆಂಗ ಜ್ವಾಲಾಮುಖಿಯಿಂದ ಆಗೇತೋ, ಇದೂ ಲಾವಾದಿಂದನ ಆಗಿದ್ದು. ಸುಮಾರು 8.8 ಕೋಟಿ ವರ್ಷದ ಹಿಂದ ಮಡಗಾಸ್ಕರ್ ನಮ್ಮ ನೆಲದಿಂದ ಹರಕೊಂಡು ಹೋಗೂ ಕಾಲಕ್ಕ ಉಕ್ಕಿದ್ದು ತಣ್ಣಗಾಗಿ ಸೀಳಿ, ಕಂಬ ಜೋಡಿಸಿಟ್ಟಂಗ ಕಲ್ಲು ನಿಂತಾವ. 1498ರಾಗ ವಾಸ್ಕೋ ಡ ಗಾಮಾ ಇಲ್ಲೆ ಇಳಿದು ಹೆಸರಿಟ್ಟ ಅಂತ ಮಂದಿ ಹೇಳತಾರ.

'ದೇವರಿಲ್ಲದ ಜಾಗಕ್ಕ ಯಾಕ ಹೋಗಬೇಕು?' ಅಂತಾರ. ಉಡುಪಿ ಕೃಷ್ಣ ಅಲ್ಲೇ ಅದಾನ. ನಮ್ಮ ಶಿಗ್ಗಾಂವಿ ತಾಲೂಕಿನ ಬಾಡದಾಗ ಹುಟ್ಟಿದ ಕನಕದಾಸರ ಹೆಸರಿನ ಕಿಂಡಿ ಅಲ್ಲೇ ಐತಿ. ಒಂದು ದರ್ಶನ ಮಾಡ್ರಿ, ಸಮಾಧಾನದಿಂದ ಮಾಡ್ರಿ. ಎಂಟು ಗುಡಿ ಓಡಿ ಓಡಿ ಮುಟ್ಟಿದ್ರ ಪುಣ್ಯ ಎಂಟು ಪಟ್ಟು ಆಗೂದಿಲ್ಲ, ಮೊಣಕಾಲ ನೋವು ಆಗತೈತಿ.

'ಹೊರಗಿಂದು ತಿಂದ್ರ ಹೊಟ್ಟಿ ಕೆಡತೈತಿ' ಅಂತಾರ. ಉಡುಪಿ ಹೋಟೆಲ್ ಅಂತ ಬೋರ್ಡ್ ಕಂಡ್ರ ಪರದೇಶದಾಗೂ ನಮ್ಮ ಮಂದಿ ಹುಡಿಕ್ಯಾಡಿ ಹೋಗಿ ತಿಂತಾರ. ನಾವು ಖಾಸ ಉಡುಪಿಗೇ ಹೋಗಿ ಕಟಕ ರೊಟ್ಟಿ ಗಂಟು ಬಿಚ್ಚಬೇಕೇನ? ದಾರ್‍ಯಾಗ ಬಾಯಾಡಸಾಕ ಸವಣೂರ ಖಾರಾ ಒಂದು ಪಾಕೀಟ ಇಟಗೊಳ್ರಿ, ಸಾಕು.

ಇನ್ನ ರೊಕ್ಕದ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಐತಿ. ಗುರುತಿನ ಚೀಟಿ ತೋರಿಸಿದ್ರ ರಾಜ್ಯದೊಳಗ ಸರಕಾರದ ಸಾದಾ ಬಸ್ಸು, ಎಕ್ಸ್‌ಪ್ರೆಸ್ ಬಸ್ಸಿನ್ಯಾಗ ನಮಗ ಟಿಕೀಟ ಪುಕ್ಕಟ. 'ಪುಕ್ಕಟ ಬಸ್ಸು ಬಂದಾಗಿಂದ ಹೆಂಗಸರು ಮನ್ಯಾಗ ನಿಲ್ಲವೊಲ್ಲರು' ಅಂತ ಕಟ್ಟಿ ಮ್ಯಾಲೆ ಕುಂತು ನಗತಾರ. ನಿಲ್ಲಾಕ ನಾವೇನು ಮನಿ ಕಂಬೇನ? ತವರಮನಿ, ದವಾಖಾನಿ, ಗುಡಿ, ಸಂತಿ, ಇಷ್ಟಕ್ಕ ಹೋದ್ರ ಒಳ್ಳೇಕಿ, ಸಮುದ್ರ ನೋಡಾಕ ಹೋದ್ರ ಕೆಟ್ಟಾಕಿ ಅನ್ನೂ ಲೆಕ್ಕ ಯಾರು ಬರದಾರ?

ಬರೇ ಬೈದ್ರ ಸಾಲೂದಿಲ್ಲ, ಯೋಜನಾ ನಾವ ಹಾಕೂಣು. ಮಳಿಗಾಲದಾಗ ಬೋಟ್ ಬಂದ್ ಇರತಾವ. ದೀಪಾವಳಿ ಮುಗಿದು ಗೋವಿನಜೋಳ ಮನಿಗೆ ಬಂದ ಮ್ಯಾಲೆ ಹೊಂಡೂದು ಚಲೋ. ಹಾನಗಲ್ಲಿನವರು ಶಿರಸಿ, ಕುಮಟಾ, ಭಟ್ಕಳ ಹಿಡದು ಹೋಗಬಹುದು. ಹಿರೇಕೆರೂರಿನವರಿಗೆ ಶಿಕಾರಿಪುರ, ಶಿವಮೊಗ್ಗ, ಆಗುಂಬೆ ದಾರಿ ಐತಿ. ಕರಾವಳಿಯಾಗ ಖಾಸಗಿ ಬಸ್ಸು ಭಾಳ, ಅದರಾಗ ಶಕ್ತಿ ನಡಿಯೂದಿಲ್ಲ. ಚಿಲ್ಲರ ಇಟಗೊಳ್ರಿ. ದ್ವೀಪದಾಗ ರಾತ್ರಿ ಇರಾಕ ಬಿಡೂದಿಲ್ಲ, ವಸ್ತಿ ಉಡುಪಿ ಇಲ್ಲಾ ಮಲ್ಪೆಯಾಗ ಮಾಡ್ರಿ. ಒಂದ ಊರಾಗ ಎರಡು ರಾತ್ರಿ. ಕಲ್ಲು ಜಾರತಾವ, ಹಿಡಿತ ಇರೂ ಚಪ್ಪಲಿ ಹಾಕ್ಕೊಳ್ರಿ. ಬೋಟ್ ಹತ್ತಾಕ ಆಗಲಾರದ ಅತ್ತಿಯವರಿದ್ರ ಮಲ್ಪೆ ದಂಡಿಮ್ಯಾಲೆ ಅವರ ಜೋಡಿ ಮಗ ಕುಂದರ್ಲಿ. ಪ್ರತಿಸಲಾ ಸೊಸಿನ ಯಾಕ ಉಳಿಬೇಕು?

ಗಂಡಸರು ಬ್ಯಾಡ ಅಂತ ನಾ ಹೇಳವೊಲ್ಲೆ. ಬರಲಿ, ಚೀಲಾ ಹೊರಲಿ. ಆದ್ರ ಎಲ್ಲಿಗೆ, ಯಾವಾಗ ಅನ್ನೂ ಮೊದಲ ಮಾತು ನಮ್ಮದಾಗಲಿ. 'ರೊಟ್ಟಿ ಎಷ್ಟು ಕಟ್ಟತೀರಿ?' ಅಂತ ಕೇಳಿದ್ರ, 'ಈ ಸಲ ರೊಟ್ಟಿ ಇಲ್ಲ' ಅನ್ರಿ. ದನಿ ಏರಸೂದು ಬ್ಯಾಡ, ನಕ್ಕೋತನ ಅನ್ರಿ. ಆದ್ರ ಅಂದ ಮಾತು ತಿರುಗಿ ತಗೋಬ್ಯಾಡ್ರಿ.